ಋತುವಿನ ಕೊನೆಯ ಹಿಮ: ಸ್ಕೀ ಲೇಸೋ, ಸ್ನೋಶೂ ಲೇಸೋ?

ಏಪ್ರಿಲ್ ಕಾಲಿಡುವ ಹೊತ್ತಿಗೆ ಕರ್ನಾಟಕದ ನಗರಗಳು ಬಿಸಿಲಿನ ಬೇಗೆಯಲ್ಲಿ ಬಳಲುತ್ತಿರುತ್ತವೆ. ಅದೇ ವೇಳೆ ಹಿಮಾಲಯದ ಪೀರ್ ಪಂಜಾಲ್ ಶ್ರೇಣಿಯಲ್ಲಿ, ಗುಲ್ಮಾರ್ಗ್‌ನ ಮೇಲಿರುವ ಅಫರ್ವಾತ್ ಶಿಖರದಿಂದ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗದವರೆಗೆ, ಚಳಿಗಾಲದ ಹಿಮ ಇನ್ನೂ ದಪ್ಪವಾಗಿ ಹಾಸಿಕೊಂಡಿರುತ್ತದೆ. ಹಗಲು ದೀರ್ಘ, ಚಳಿ ಸಹನೀಯ. ಹೀಗಾಗಿ ಹಿಮಚಾರಣಕ್ಕೆ ಹಲವರು ಆರಿಸಿಕೊಳ್ಳುವ ಕಾಲವಿದು. ಆದರೆ ಕಾಲಿಗೆ ಏನನ್ನು ಕಟ್ಟಿಕೊಂಡು ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಮುನ್ನ ಆ ಹಿಮದ ಸ್ವಭಾವವನ್ನು ಅರಿಯುವುದು ಅವಶ್ಯ.

ದಿನಕ್ಕೆ ಮೂರು ಬಗೆಯ ಹಿಮ

ವಸಂತದ ಹಿಮ ಹಗಲಿನಲ್ಲಿ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಆಕಾಶ ಶುಭ್ರವಾಗಿದ್ದ ರಾತ್ರಿಯ ಮರುದಿನ ಮುಂಜಾನೆ ಹಿಮದ ಮೇಲ್ಪದರ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಬಿಸಿಲೇರಿದಂತೆ ಮೇಲಿನ ಕೆಲವೇ ಸೆಂಟಿಮೀಟರ್‌ಗಳು ಸಡಿಲಗೊಂಡು ಕಾಳುಕಾಳಾಗುತ್ತವೆ. ಮಧ್ಯಾಹ್ನದ ವೇಳೆಗೆ ಇಡೀ ಪದರ ನೀರು ಕುಡಿದು, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಸ್ಥಿತಿಗೆ ತಲುಪುತ್ತದೆ. ಪೂರ್ವಾಭಿಮುಖ ಇಳಿಜಾರುಗಳು ಮೊದಲು ಮೆತ್ತಗಾಗುತ್ತವೆ, ನಂತರ ದಕ್ಷಿಣ, ಆ ಬಳಿಕ ಪಶ್ಚಿಮದವು. ರಾತ್ರಿ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟುವುದೇ ಇಲ್ಲ. ಅಂದು ಬೆಳಗ್ಗೆಯೇ ಅಪಾಯ ಕಾದಿರುತ್ತದೆ.

ಸ್ಕೀ: ವೇಗವುಂಟು, ವಿದ್ಯೆ ಬೇಕು

ದೇಹದ ಭಾರವನ್ನು ಅಗಲವಾಗಿ ಹರಡಿ ಕಾಲು ಹೂತುಹೋಗದಂತೆ ತಡೆಯುವುದು ಎರಡೂ ಸಾಧನಗಳ ಮೂಲತತ್ತ್ವ. ಚಾರಣಕ್ಕೆ ಬಳಸುವ ಸ್ಕೀಯಲ್ಲಿ ಏರುವಾಗ ಹಿಮ್ಮಡಿ ಬಿಡುಗಡೆಯಾಗಿರುತ್ತದೆ, ಇಳಿಯುವಾಗ ಬಿಗಿಯಾಗಿ ಕೂರುತ್ತದೆ. ಏರುವಾಗ ಹಿಂದಕ್ಕೆ ಜಾರದಂತೆ ಅಡಿಭಾಗಕ್ಕೆ 'ಸ್ಕಿನ್' ಎಂಬ ರೋಮಭರಿತ ಪಟ್ಟಿಯನ್ನು ಅಂಟಿಸಲಾಗುತ್ತದೆ. ಹಿಂದೆ ಇದಕ್ಕೆ ಸೀಲ್ ಪ್ರಾಣಿಯ ಚರ್ಮ ಬಳಕೆಯಲ್ಲಿತ್ತು. ಇಂದು ನೈಲಾನ್ ಅಥವಾ ಮೊಹೇರ್ ಉಣ್ಣೆಯ ಪಟ್ಟಿಗಳಿವೆ.

ಸ್ಕೀಯ ದೊಡ್ಡ ಲಾಭವೆಂದರೆ ಇಳಿಯುವ ವೇಗ. ಗಂಟೆಗಟ್ಟಲೆ ಏರಿದ ದಾರಿಯನ್ನು ನಿಮಿಷಗಳಲ್ಲಿ ಇಳಿಯಬಹುದು. ಮಧ್ಯಾಹ್ನದೊಳಗೆ ಅಪಾಯದ ಇಳಿಜಾರನ್ನು ದಾಟಬೇಕಾದ ಈ ಋತುವಿನಲ್ಲಿ ವೇಗವೇ ಒಂದು ರಕ್ಷಣೆ. ಆದರೆ ಸ್ಕೀ ಬಲ್ಲವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ. ಮುಂಜಾನೆಯ ಗಡಸು ಹಿಮದಲ್ಲಿ ಬಿದ್ದವರು ತಡೆಯಿಲ್ಲದೆ ಜಾರುತ್ತಾರೆ. ನೀರಾದ ಹಿಮದಲ್ಲಿ ತಿರುವು ತೆಗೆದುಕೊಳ್ಳಲು ಹೋದವರ ಮೊಣಕಾಲಿಗೆ ಪೆಟ್ಟಾಗುತ್ತದೆ. ಜತೆಗೆ, ಹಿಮ ಅಲ್ಲಲ್ಲಿ ಕರಗಿ ಬಂಡೆ ಹುಲ್ಲು ಕಾಣಿಸಿಕೊಂಡ ಕಡೆಯೆಲ್ಲ ಸ್ಕೀಯನ್ನು ಬೆನ್ನಿಗೇರಿಸಿ ನಡೆಯಬೇಕು.

ಸ್ನೋಶೂ: ಸುಲಭ, ಆದರೆ ನಿಧಾನ

ಸ್ನೋಶೂ ಅಥವಾ ಹಿಮಪಾದುಕೆಯನ್ನು ನೀರು ಹಿಡಿಯದ ಸಾಮಾನ್ಯ ಚಾರಣದ ಬೂಟಿಗೇ ಕಟ್ಟಿಕೊಳ್ಳಬಹುದು. ನಡೆಯಲು ಬಲ್ಲವರು ಒಂದು ಗಂಟೆಯಲ್ಲಿ ಇದಕ್ಕೆ ಹೊಂದಿಕೊಳ್ಳುತ್ತಾರೆ. ಬೇಡವಾದಾಗ ಚೀಲಕ್ಕೆ ಸಿಕ್ಕಿಸಿಕೊಂಡು ಸಾಗುವುದೂ ಸುಲಭ. ಕಾಡಿನ ನಡುವಣ ದಾರಿ, ಏರಿಳಿತದ ಬಯಲು, ತುಂಡುತುಂಡಾದ ಹಿಮ ಇವುಗಳಿಗೆ ಇದೇ ಸೂಕ್ತ. ಪಾದುಕೆಯ ಗಾತ್ರವನ್ನು ಆರಿಸುವಾಗ ಚಾರಣಿಗನ ತೂಕದೊಂದಿಗೆ ಬೆನ್ನಿನ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದರ ಮಿತಿಗಳನ್ನೂ ಗಮನಿಸಬೇಕು. ಕಡಿದಾದ ಇಳಿಜಾರನ್ನು ಅಡ್ಡವಾಗಿ ದಾಟುವಾಗ ಅಗಲವಾದ ಪಾದುಕೆ ವಾಲಿ ಹಿಡಿತ ತಪ್ಪುತ್ತದೆ. ಇಳಿಯುವುದಕ್ಕೂ ಹೆಜ್ಜೆಹೆಜ್ಜೆಯಾಗಿ ನಡೆಯಲೇಬೇಕು. ಆದಕಾರಣ ಸ್ನೋಶೂ ಧರಿಸಿದ ತಂಡ ಸ್ಕೀ ತಂಡಕ್ಕಿಂತ ಬೇಗ ಹೊರಟು, ಬೇಗ ಹಿಂದಿರುಗತಕ್ಕದ್ದು.

ಎರಡೂ ಬೇಡವಾದಾಗ

ಸೂರ್ಯೋದಯಕ್ಕೆ ಮುನ್ನ ಗಡಸು ಹಿಮದ ಮೇಲೆ ಈ ಎರಡಕ್ಕಿಂತ ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳಾದ ಕ್ರ್ಯಾಂಪಾನ್ ಮತ್ತು ಕೈಯಲ್ಲೊಂದು ಹಿಮಗೊಡಲಿ ಹೆಚ್ಚು ಉಪಯುಕ್ತ. ಅನುಭವಿಗಳು ಮುಂಜಾನೆ ಕ್ರ್ಯಾಂಪಾನ್‌ನಲ್ಲಿ ಏರಿ, ಹಿಮ ಮೆತ್ತಗಾದ ಮೇಲೆ ಸ್ಕೀ ಅಥವಾ ಸ್ನೋಶೂಗೆ ಬದಲಾಗುತ್ತಾರೆ.

ಸಾಧನಕ್ಕಿಂತ ಸಮಯ ಮುಖ್ಯ

ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ನಿಧಾನವಾಗಿ ನಡೆಯುವವರಿಗೆ ಅಪಾಯ ಕಡಿಮೆ ಎಂಬ ಭಾವನೆ ತಪ್ಪು; ಹಿಮಕ್ಕೆ ಸ್ಕೀ, ಸ್ನೋಶೂ ಎಂಬ ಭೇದವಿಲ್ಲ. 2023ರ ಫೆಬ್ರವರಿ 1ರಂದು ಅಫರ್ವಾತ್‌ನಲ್ಲಿ ಉಂಟಾದ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀ ಪಟುಗಳು ಬಲಿಯಾದರು. ಬೇಸಿಗೆಯೂ ಭರವಸೆಯಲ್ಲ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಲುಕಿ, ಕರ್ನಾಟಕದಿಂದ ತೆರಳಿದ್ದ ತಂಡದ 9 ಮಂದಿ ಮೃತಪಟ್ಟದ್ದು ನಾಡಿನ ಮನಸ್ಸಿನಿಂದ ಮಾಸಿಲ್ಲ.

ಆದ್ದರಿಂದ ಹೊರಡುವ ಮುನ್ನ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ (ಡಿಜಿಆರ್‌ಇ) ನೀಡುವ ಹಿಮಕುಸಿತ ಮುನ್ಸೂಚನೆಯನ್ನು ನೋಡಬೇಕು. ಸಂಕೇತ ಹೊರಡಿಸುವ ಟ್ರಾನ್ಸೀವರ್, ಹಿಮದಾಳ ಶೋಧಿಸುವ ಕೋಲು ಮತ್ತು ಸಲಿಕೆ ತಂಡದ ಪ್ರತಿಯೊಬ್ಬರ ಬಳಿಯೂ ಇರಬೇಕು. ಹಿಮದಡಿ ಸಿಲುಕಿದವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷಗಳ ನಂತರ ತೀವ್ರವಾಗಿ ಕುಸಿಯುವುದರಿಂದ, ದೂರದ ನೆರವಿಗಿಂತ ಜತೆಗಾರನ ಸಲಿಕೆಯೇ ಪ್ರಾಣ ಉಳಿಸುತ್ತದೆ.

ಯಾರಿಗೆ ಯಾವುದು?

ಗುಲ್ಮಾರ್ಗ್ ಅಥವಾ ಮನಾಲಿಯ ಸರ್ಕಾರಿ ಸಂಸ್ಥೆಗಳಲ್ಲಿ ಸ್ಕೀ ತರಬೇತಿ ಪಡೆದು, ಯಾವ ಬಗೆಯ ಹಿಮದಲ್ಲೂ ನಿಯಂತ್ರಣದಿಂದ ಇಳಿಯಬಲ್ಲವರಿಗೆ ಸ್ಕೀ ಲೇಸು. ಮೊದಲ ಬಾರಿಗೆ ಹಿಮ ಕಾಣುತ್ತಿರುವವರಿಗೆ, ಕಡಿದಲ್ಲದ ದಾರಿ ಹಿಡಿಯುವವರಿಗೆ ಸ್ನೋಶೂ ಲೇಸು. ಒಂದೇ ತಂಡದಲ್ಲಿ ಎರಡನ್ನೂ ಬೆರೆಸದಿರುವುದು ಉತ್ತಮ. ಇಳಿಯುವಾಗ ಸ್ಕೀಯವರು ಕಣ್ಮರೆಯಾಗಿ ಉಳಿದವರು ಒಂಟಿಯಾಗುತ್ತಾರೆ. ಯಾವುದನ್ನೇ ಆರಿಸಿದರೂ ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ನಿಗದಿಪಡಿಸಿ, ಶಿಖರ ಕಣ್ಣೆದುರಿಗಿದ್ದರೂ ಆ ಗಂಟೆಗೆ ಹಿಂದಿರುಗುವುದು ಜಾಣತನ.