ಆಪ್ಟಿಕ್ ಅಚ್ಚು (ಕಲಾಗಾಜು)

ಊದುಗಾಜಿನ ಮೈಯಲ್ಲಿ ಏಣು, ಸುರುಳಿ, ವಜ್ರಾಕೃತಿ, ಚುಕ್ಕಿ ಮುಂತಾದ ವಿನ್ಯಾಸ ಮೂಡಿಸಲು ಬಳಸುವ, ಒಳಮೈ ಕೊರೆದ ಲೋಹದ ಅಚ್ಚು. ಪಾತ್ರೆಗೆ ಕೊನೆಯ ಆಕಾರ ಕೊಡುವುದು ಇದರ ಕೆಲಸವಲ್ಲ. ಊದುಕೊಳವೆಯ ತುದಿಯಲ್ಲಿರುವ ಮೆತ್ತನೆಯ ಗಾಜಿನ ಮುದ್ದೆಯನ್ನು ಇದರೊಳಗೆ ಇಳಿಸಿ ಊದುತ್ತಾರೆ. ಗುರುತು ಬಿದ್ದೊಡನೆ ಹೊರತೆಗೆದು, ಮತ್ತೆ ಕಾಯಿಸಿ, ಊದಿ ಹಿಗ್ಗಿಸುತ್ತಾರೆ. ಗಾಜು ಹಿಗ್ಗಿದಂತೆ ವಿನ್ಯಾಸವೂ ಹರಡಿ ಮೃದುವಾಗುತ್ತದೆ. ಬಳಿಕ ನಯವಾದ ಆಕಾರದ ಅಚ್ಚಿನಲ್ಲಿ ಊದಿದರೆ ಹೊರಮೈ ಸಪಾಟಾಗಿ, ಉಬ್ಬುತಗ್ಗುಗಳು ಒಳಗೋಡೆಗೆ ಸರಿಯುತ್ತವೆ. ಗೋಡೆಯ ದಪ್ಪ ಬದಲಾದಲ್ಲೆಲ್ಲ ಬೆಳಕು ಬಾಗುವುದರಿಂದ, ಹೊರಗಿನಿಂದ ಬೆರಳಿಗೆ ಸಿಗದ ಗೆರೆಗಳು ಕಣ್ಣಿಗೆ ಕಾಣುತ್ತವೆ. ಈ ಕಲೆಯ ಸೊಬಗೆಲ್ಲ ಇಲ್ಲಿದೆ.

ಏಣುಗೆರೆಗೆ ವೆನಿಸ್ ಬಳಿಯ ಮುರಾನೊದಲ್ಲಿ ರಿಗಾದಿನ್ ಎಂದೂ ಹೆಣೆದ ವಜ್ರಾಕೃತಿಗೆ ಬಲ್ಲೊಟೊನ್ ಎಂದೂ ಹೆಸರು. ಅಮೆರಿಕದ ಸಂಗ್ರಾಹಕರು ಇವನ್ನು ರಿಬ್ ಆಪ್ಟಿಕ್, ಡೈಮಂಡ್ ಆಪ್ಟಿಕ್ ಎನ್ನುತ್ತಾರೆ. ಏಣುಬಿದ್ದ ಗಾಜನ್ನು ಬಿಸಿಯಿರುವಾಗಲೇ ತಿರುಚಿದರೆ ಸ್ಪೈರಲ್ ಆಪ್ಟಿಕ್. ಹಾಗೆ ತಿರುಚಿದ್ದನ್ನು ಮತ್ತೊಮ್ಮೆ ಏಣಿನ ಅಚ್ಚಿಗಿಳಿಸಿದರೆ ಸುರುಳಿಯ ಮೇಲೆ ನೇರಗೆರೆ ಹಾಯ್ದು ಬ್ರೋಕನ್ ಸ್ವರ್ಲ್ ಆಗುತ್ತದೆ. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಹೆನ್ರಿ ವಿಲಿಯಂ ಸ್ಟೀಗಲ್‌ನ ಕಾರ್ಖಾನೆ ತಯಾರಿಸಿದ ಇಂಥ ಪಾತ್ರೆಗಳನ್ನು ಪ್ಯಾಟರ್ನ್ ಮೋಲ್ಡೆಡ್ ಎಂದು ಕರೆಯುವುದು ರೂಢಿ. ಇಂಗ್ಲೆಂಡಿನಲ್ಲೂ ಅಂಥವೇ ಆಗುತ್ತಿದ್ದುದರಿಂದ, ತಯಾರಕರ ಗುರುತಿಲ್ಲದವನ್ನು ‘ಸ್ಟೀಗಲ್ ಮಾದರಿ’ ಎನ್ನುವುದೇ ಸರಿ.

ಹೆಚ್ಚು ಗೊಂದಲವಾಗುವುದು ಚುಕ್ಕಿಗಳ ವಿಷಯದಲ್ಲಿ. 1905ರಲ್ಲಿ ಸ್ಥಾಪನೆಯಾಗಿ 1907ರಿಂದ ವೆಸ್ಟ್ ವರ್ಜೀನಿಯಾದ ವಿಲಿಯಮ್ಸ್‌ಟೌನಿನಲ್ಲಿ ಗಾಜು ತಯಾರಿಸಿದ ಫೆಂಟನ್ ಕಂಪನಿಯ ಓಪಲೆಸೆಂಟ್ ಪಾತ್ರೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಈ ಗಾಜು ಶಾಖಕ್ಕೆ ಸ್ಪಂದಿಸುತ್ತದೆ: ಅಚ್ಚಿನಿಂದ ತೆಗೆದಾಗ ತುಸು ತಣಿದು ಮತ್ತೆ ಕಾದ ಭಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಚುಕ್ಕಿಗಳೇ ಬಿಳಿಯಾಗಿ ಸುತ್ತಲಿನ ಗಾಜು ಪಾರದರ್ಶಕವಾಗಿದ್ದರೆ ಅದು ಡಾಟ್ ಆಪ್ಟಿಕ್. ಚುಕ್ಕಿಗಳು ಪಾರದರ್ಶಕವಾಗಿ ಸುತ್ತಲೂ ಬಿಳುಪಿದ್ದರೆ ಕಂಪನಿ 1947ರಲ್ಲಿ ತಂದ ಕಾಯಿನ್ ಡಾಟ್. ಮಾರಾಟದ ಪಟ್ಟಿಗಳಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ತಪ್ಪು.

ಗುಬುಟುಗಳಿಂದ ತುಂಬಿದ ಹಾಬ್‌ನೇಲ್ ವಿನ್ಯಾಸ ಆಪ್ಟಿಕ್ ಗುಂಪಿಗೆ ಸೇರದು. ಅದರ ಗುಬುಟುಗಳನ್ನು ಆಕಾರ ಕೊಡುವ ಅಚ್ಚೇ ಹೊರಮೈಯಲ್ಲಿ ನೇರವಾಗಿ ಮೂಡಿಸುತ್ತದೆ; ಆಮೇಲೆ ಅವು ಹಿಗ್ಗಿ ಮಸುಕಾಗುವುದಿಲ್ಲ. ಒತ್ತುಗಾಜಿನ ಕೆಲವು ಪಾತ್ರೆಗಳಿಗೂ ಆಪ್ಟಿಕ್ ಎಂಬ ಹೆಸರಿದೆ. ಅವುಗಳಲ್ಲಿ ಒಳಗಿನ ಏಣು ಬರುವುದು ಒತ್ತುಗೂಟದಿಂದಲೇ ಹೊರತು ಊದುವುದರಿಂದಲ್ಲ.