ಕೋಟೆಯ ಬಾಗಿಲು ಬಡಿದಾಗ

'ಮ್ಯಾಕ್‌ಬೆತ್' ನಾಟಕದ ಎರಡನೆಯ ಅಂಕದಲ್ಲಿ ದೊರೆ ಡಂಕನ್ನನ ಕೊಲೆಯಾದೊಡನೆ ಕೋಟೆಯ ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಕುಡಿದಮಲಿನ ದ್ವಾರಪಾಲಕ ತಾನು ನರಕದ ಬಾಗಿಲು ಕಾಯುವವನೆಂದುಕೊಂಡು ಗದ್ಯದಲ್ಲಿ ಹರಟುತ್ತಾನೆ. ಈ ಹಾಸ್ಯ ಬೇರೆ ಯಾರದೋ ಕೈವಾಡವೆಂದು ಕವಿ ಕೋಲ್‌ರಿಜ್ ಭಾವಿಸಿದ್ದರು. ಬಿ.ಎಸ್‌ಸಿ. ಓದಿದ ನಾವು ಅಂಥವರಿಗೆ ಎದುರಾಡುವುದು ಉದ್ಧಟತನವೇ ಸರಿ. ಆದರೆ ಇತಿಹಾಸ ನಮ್ಮ ಕಡೆಗಿದೆ.

ಆ ನರಕಕ್ಕೆ ಬರುವವರಲ್ಲೊಬ್ಬ, ದ್ವಂದ್ವಾರ್ಥದಲ್ಲಿ ಪ್ರಮಾಣ ಮಾಡುವ ಎರಡು ನಾಲಗೆಯವನು. 1605ರ ನವೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ಮದ್ದಿಟ್ಟು ಸಿಡಿಸುವ ಸಂಚು ಬಯಲಾಯಿತು. ಮರುವರ್ಷ ಜೆಸುಯಿಟ್ ಪಾದ್ರಿ ಹೆನ್ರಿ ಗಾರ್ನೆಟ್ ವಿಚಾರಣೆಗೆ ಗುರಿಯಾದರು. ಸಂಕಟದಲ್ಲಿ ಬಾಯಲ್ಲೊಂದು, ಮನಸ್ಸಿನಲ್ಲೊಂದು ಅರ್ಥವಿಟ್ಟು ಉತ್ತರಿಸಿದರೆ ಸುಳ್ಳಾಗದೆಂಬ ಅವರ ವಾದ ಕುಖ್ಯಾತವಾಯಿತು. 1606ರ ಮೇ 3ರಂದು ಗಲ್ಲಾಯಿತು. ಪಾಪನಿವೇದನೆಯಲ್ಲಿ ಕೇಳಿದ ಗುಟ್ಟನ್ನು ಪಾದ್ರಿಯೊಬ್ಬರು ಇನ್ನೇನು ಮಾಡಬೇಕಿತ್ತೆಂಬುದು ನಮಗೆ ಬಗೆಹರಿದಿಲ್ಲ. ದ್ವಾರಪಾಲಕನ ಮಾತು ಅವರನ್ನೇ ಕುರಿತದ್ದೆಂದು ಬಹುತೇಕ ವಿದ್ವಾಂಸರ ಮತ.

ಬಾಗಿಲು ತೆರೆದ ಮೇಲೆ ಮ್ಯಾಕ್‌ಬೆತ್ ಬರುತ್ತಾನೆ. ಉಪಮೆಗಳನ್ನು ಸುರಿಸುತ್ತಿದ್ದವನ ಮಾತು ಈಗ ನಾಲ್ಕಾರು ಪದಗಳಿಗೆ ಇಳಿದಿದೆ. ದೊರೆ ಇಂದು ಹೊರಡುವರೇ ಎಂದು ಲೆನಾಕ್ಸ್ ಕೇಳಿದಾಗ ಹೌದೆನ್ನುತ್ತಾನೆ. ಮರುಕ್ಷಣವೇ, ಹಾಗೆಂದು ಅವರು ನಿಶ್ಚಯಿಸಿದ್ದರು ಎಂದು ತಿದ್ದಿಕೊಳ್ಳುತ್ತಾನೆ. ಕ್ರಿಯಾಪದ ಭೂತಕಾಲಕ್ಕೆ ಜಾರಿತು! ಮೊದಲನೆಯದು ಸುಳ್ಳು, ಎರಡನೆಯದು ಅಕ್ಷರಶಃ ನಿಜ. ಎರಡು ನಾಲಗೆಯವನು ಕೋಟೆಯೊಳಗೇ ಇದ್ದಾನೆ.

ಶವ ಕಂಡ ಬಳಿಕ, ಒಂದು ಗಂಟೆ ಮೊದಲೇ ಸತ್ತಿದ್ದರೆ ತನ್ನ ಬಾಳು ಧನ್ಯವಾಗುತ್ತಿತ್ತೆಂದು ಎಲ್ಲರೆದುರು ಗೋಳಾಡುತ್ತಾನೆ. ನಟನೆಗೆಂದು ಆಡಿದ ಮಾತು. ಅದೇ ಅವನ ಪಾಲಿಗೆ ನಿಜವಾಗಿದೆ. ಅವನಿಗಿನ್ನೂ ಅದು ತಿಳಿದಂತಿಲ್ಲ.