ಕಲ್ಯಾಣದ ಅಭ್ಯಂಗ, ಕುಸುಬೆ ಎಣ್ಣೆ ಮತ್ತು ಒಣಚರ್ಮದ ಮುಲಾಮು: ಒಂದು ಟಿಪ್ಪಣಿ

ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ರಚಿಸಿದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’. ಅದರೊಳಗೇ ಶಕವರ್ಷ 1051ರ, ಅಂದರೆ ಕ್ರಿ.ಶ. 1129ರ ಉಲ್ಲೇಖವಿದೆ. ಐದು ವಿಂಶತಿಗಳ ಈ ಗ್ರಂಥದ ಮೂರನೆಯ ಭಾಗ ಅರಸನ ಇಪ್ಪತ್ತು ಉಪಭೋಗಗಳಿಗೆ ಮೀಸಲು. ಸ್ನಾನ, ವಿಲೇಪನ, ಪಾದಾಭ್ಯಂಗ ಮೂರಕ್ಕೂ ಅಲ್ಲಿ ಬೇರೆಬೇರೆ ಅಧ್ಯಾಯಗಳಿವೆ. ಪಾಕಶಾಸ್ತ್ರ, ಸಂಗೀತ, ಚಿತ್ರಕಲೆಗಳಿಗಾಗಿ ವಿದ್ವಾಂಸರು ಈ ಕೃತಿಯನ್ನು ಮತ್ತೆಮತ್ತೆ ತೆರೆದಿದ್ದಾರೆ. ಚರ್ಮದ ಆರೈಕೆಯ ಕಣ್ಣಿನಿಂದ ನೋಡಿದವರು ಕಡಿಮೆ.

ಸ್ನಾನದ ಅಧ್ಯಾಯದಲ್ಲಿ ಬರುವ ಎಣ್ಣೆ ಎಳ್ಳಿನದು. ಕೇದಗೆ, ಸಂಪಿಗೆ ಮೊದಲಾದ ಹೂಗಳ ಕಂಪನ್ನು ಮೊದಲು ಎಳ್ಳಿಗೆ ಹಿಡಿಸಿ, ಆಮೇಲೆ ಯಂತ್ರದಲ್ಲಿ ಹಿಂಡಿ ತೆಗೆದ ಗಂಧತೈಲ ಅದು. ಹಚ್ಚಿ ತಿಕ್ಕಿದ ಮೇಲೆ ಅದರ ಜಿಡ್ಡನ್ನು ತೆಗೆದು ಮೀಯಿಸುತ್ತಾರೆ. ಮೈ ಒರೆಸಿಕೊಂಡ ನಂತರದ ಲೇಪಗಳು ವಿಲೇಪನದ ಅಧ್ಯಾಯಕ್ಕೆ ಸೇರಿದವು. ಅವು ಋತುವಿಗೆ ತಕ್ಕಂತೆ ಬದಲಾಗುತ್ತವೆ, ಆದರೆ ಅಲ್ಲಿ ಮೇಲುಗೈ ಶ್ರೀಗಂಧ, ಕೇಸರಿಯಂಥ ಸುಗಂಧಗಳದು. ಹೀಗಾಗಿ ಈ ಅಭ್ಯಂಗವನ್ನು ಇಂದಿನ ‘ಮಾಯಿಶ್ಚರೈಸರ್’ಗೆ ಸಮ ಎನ್ನಲಾಗದು. ಒಂದರಲ್ಲಿ ಎಣ್ಣೆ ಸ್ನಾನಕ್ಕೆ ಮೊದಲು ಬಂದು ಹೋಗುತ್ತದೆ, ಇನ್ನೊಂದರಲ್ಲಿ ಸ್ನಾನದ ನಂತರ ಬಂದು ಉಳಿಯುತ್ತದೆ. ಸೂಕ್ಷ್ಮ ಚರ್ಮದವರಿಗೆ ಅರಸನ ತೈಲದಲ್ಲಿ ಅತ್ಯಂತ ದುಬಾರಿಯಾದ ಅಂಶವೇ ಅತ್ಯಂತ ಬೇಡವಾದದ್ದು. ಸುಗಂಧದ್ರವ್ಯಗಳು ಸ್ಪರ್ಶ ಅಲರ್ಜಿಯ ಪ್ರಮುಖ ಕಾರಣಗಳಲ್ಲಿ ಒಂದು. ಅವು ಹೂವಿನಿಂದಲೇ ಬಂದಿದ್ದರೂ ಚರ್ಮ ರಿಯಾಯಿತಿ ತೋರುವುದಿಲ್ಲ.

ಅರಮನೆಯ ಹೊರಗೆ ಗಾಣ ಇತ್ತು. ನಂದಾದೀಪಕ್ಕೆ ಗಾಣದ ಎಣ್ಣೆ ಬಿಟ್ಟ ದಾನಗಳು ಆ ಕಾಲದ ಶಾಸನಗಳಲ್ಲಿ ಧಾರಾಳ. ಮುಂದಿನ ತಲೆಮಾರಿನ ಕಲ್ಯಾಣದ ಶರಣರಲ್ಲಿ ಗಾಣದ ಕಾಯಕದ ಕಣ್ಣಪ್ಪನೂ ಇದ್ದಾನೆ. ಪರಿಮಳ ಸೇರದ ಈ ಸಾದಾ ಎಣ್ಣೆಯೇ ನಮ್ಮ ವಿಷಯಕ್ಕೆ ಹತ್ತಿರದ್ದು.

ಹುಮನಾಬಾದ, ಬಸವಕಲ್ಯಾಣದ ಕಪ್ಪು ಮಣ್ಣಿಗೆ ಒಗ್ಗಿದ ಹಿಂಗಾರಿ ಎಣ್ಣೆಕಾಳು ಕುಸುಬೆ, ಊರವರ ಬಾಯಲ್ಲಿ ಕುಸುಬಿ. ಸಾಮಾನ್ಯ ತಳಿಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಶೇ. 70ಕ್ಕೂ ಹೆಚ್ಚು, ಎಳ್ಳೆಣ್ಣೆಯಲ್ಲಿ ಸುಮಾರು 40. ಚರ್ಮದ ಹೊರಪದರದಲ್ಲಿ ನೀರು ಸೋರದಂತೆ ತಡೆಯುವ ಸೆರಮೈಡ್‌ಗಳ ರಚನೆಗೆ ಈ ಆಮ್ಲ ಬೇಕು. ಓಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆಗಳದು ಬೇರೆ ಕಥೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಲಿವ್ ಎಣ್ಣೆ ವಯಸ್ಕರ ಚರ್ಮದ ತಡೆಪದರವನ್ನು ದುರ್ಬಲಗೊಳಿಸಿತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಢಾಕಾದ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಸೋಂಕು ಶೇ. 41ರಷ್ಟು ತಗ್ಗಿದ್ದು 2005ರಲ್ಲಿ ವರದಿಯಾಯಿತು. ಸೂರ್ಯಕಾಂತಿಯ ಈ ಫಲಿತಾಂಶವನ್ನು ಕುಸುಬೆಯ ಲೆಕ್ಕಕ್ಕೆ ಬರೆದುಬಿಡುವಂತಿಲ್ಲ. ಕೊಬ್ಬಿನಾಮ್ಲಗಳ ಹೋಲಿಕೆಯಿಂದ ಮಾಡಬಹುದಾದ ಊಹೆ ಅದು, ಪುರಾವೆ ಅಲ್ಲ. ಕೊಬ್ಬರಿ ಎಣ್ಣೆಗೆ ಮಾತ್ರ ನೇರ ಸಾಕ್ಷ್ಯವಿದೆ: ಒಣಚರ್ಮದ 34 ಜನರ ಮೇಲೆ ಫಿಲಿಪ್ಪೀನ್ಸ್‌ನಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಮಿನರಲ್ ಆಯಿಲ್‌ಗೆ ಸರಿಸಮನಾಗಿ ನಿಂತಿತು.

ಕುಸುಬೆಗೊಂದು ದೋಷವಿದೆ. ಚರ್ಮಕ್ಕೆ ಒಳಿತೆನಿಸುವ ಆ ಲಿನೋಲಿಕ್ ಅಂಶವೇ ಗಾಳಿ ತಗುಲಿದರೆ ಬೇಗ ಕೆಡುತ್ತದೆ, ಎಣ್ಣೆ ಕಮಟು ಹಿಡಿಯುತ್ತದೆ. ಎಳ್ಳೆಣ್ಣೆಯಲ್ಲಿ ಸಹಜವಾಗಿಯೇ ಇರುವ ಸೆಸಮಾಲ್‌ನಂಥ ರಕ್ಷಕಗಳಿಂದ ಅದು ಹೆಚ್ಚು ತಾಳುತ್ತದೆ. ಎರಡನ್ನೂ ಸಮ ಬೆರೆಸುವುದು ಒಳ್ಳೆಯ ರಾಜಿ. ಎಳ್ಳು ಆಗದವರು ಕುಸುಬೆಯೊಂದನ್ನೇ ಕಡಿಮೆ ಪ್ರಮಾಣದಲ್ಲಿ ಬಳಸಲಿ. ಐದು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಮೇಣ ಕರಗಿಸಿ, ಒಣಗಿದ ಡಬ್ಬಿಗೆ ಸುರಿದು ಆರಿಸಿದರೆ ಮುಲಾಮು ಸಿದ್ಧ. ಇದರಲ್ಲಿ ನೀರಿಲ್ಲ, ಆದ್ದರಿಂದ ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಜಾಗ ಕಡಿಮೆ. ಒದ್ದೆ ಬೆರಳು ಅದ್ದಿದರೆ ಆ ಅನುಕೂಲವೂ ಹೋಯಿತು. ಲೋಳೆಸರದ ತಿರುಳು, ಪನ್ನೀರು, ಹಾಲಿನ ಕೆನೆ ಬೆರೆತ ಲೇಪಗಳು ಸಂರಕ್ಷಕವಿಲ್ಲದೆ ಕೆಲವೇ ದಿನಗಳಲ್ಲಿ ಕೆಡುತ್ತವೆ, ಕಣ್ಣಿಗೆ ಕಾಣುವ ಮೊದಲೇ. ಆಯುರ್ವೇದದ ಶತಧೌತಘೃತವೂ, ಅಂದರೆ ನೂರು ಬಾರಿ ನೀರಿನಲ್ಲಿ ತೊಳೆದು ಬೆಣ್ಣೆಯಂತೆ ಬಿಳುಪಾದ ತುಪ್ಪವೂ, ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಮನೆಯಲ್ಲಿ ಮಾಡುವವರು ಇದನ್ನು ಮರೆಯಬಾರದು.

ಬೀದರ್ ಸೀಮೆಯ ಡಿಸೆಂಬರ್–ಜನವರಿಯ ಚಳಿಗಾಳಿಗೆ ಮೊಳಕಾಲು, ಹಿಮ್ಮಡಿ ಬಿರಿಯುತ್ತವೆ. ಆಗ ಸುಡುನೀರಿನ ಸ್ನಾನವೂ ಕಡಲೆಹಿಟ್ಟಿನ ಉಜ್ಜುವಿಕೆಯೂ ಸೇರಿದರೆ ಇರುವ ಜಿಡ್ಡೂ ಹೋಗುತ್ತದೆ. ಕಡಲೆಹಿಟ್ಟಿಗೆ ನಿಂಬೆರಸ ಹಿಂಡುವ ರೂಢಿಯನ್ನು ಸೂಕ್ಷ್ಮ ಚರ್ಮದವರು ಬಿಡುವುದೇ ಲೇಸು. ಉಗುರುಬೆಚ್ಚಗಿನ ನೀರಲ್ಲಿ ಮಿಂದು, ಟವೆಲಿನಿಂದ ಒತ್ತಿ, ಮೈ ಇನ್ನೂ ತುಸು ಹಸಿಯಿರುವಾಗಲೇ ಮುಲಾಮು ಹಚ್ಚಬೇಕು. ಎಣ್ಣೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ, ಅಷ್ಟೇ. ಈ ಕೆಲಸದಲ್ಲಿ ಅಂಗಡಿಯ ಪೆಟ್ರೋಲಿಯಂ ಜೆಲ್ಲಿ ಮನೆಯ ಯಾವ ಎಣ್ಣೆಗೂ ಕಡಿಮೆಯಿಲ್ಲ. ‘ನೈಸರ್ಗಿಕ’ ಎಂಬ ಅಭಿಮಾನಕ್ಕೆ ಇದು ಕಹಿ ಅನಿಸಬಹುದು.

ಹೊಸ ಮುಲಾಮನ್ನು ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ವಾರ ದಿನಕ್ಕೆರಡು ಬಾರಿ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ನಿಲ್ಲಿಸಿ. ಬಿರುಕಿನಿಂದ ನೀರು ಒಸರುತ್ತಿದ್ದರೆ ಮನೆಮದ್ದು ಸಾಲದು, ಚರ್ಮವೈದ್ಯರಿಗೇ ತೋರಿಸಿ.